‘ವೇಟಿಂಗ್ ಫಾರ್ ಗೋಡೋ’ ನಾಟಕದ ಬೈಬಲ್ ಸಂಕೇತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾಮ್ಯುಯೆಲ್ ಬೆಕೆಟ್‌ನ ಈ ನಾಟಕವನ್ನು ಆಡಲು ಹೊರಟ ತಂಡಗಳು, ಪಠ್ಯವಾಗಿ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಕನ್ನಡಕ್ಕೆ ತರಲು ಕೂತವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳು ಇಲ್ಲಿವೆ. ನಾಟಕದಲ್ಲಿ ವ್ಲಾದಿಮಿರ್, ಎಸ್ಟ್ರಾಗನ್ ಎಂಬ ಇಬ್ಬರು ಅಲೆಮಾರಿಗಳು ಒಂದು ಬೋಳು ಮರದ ಬಳಿ ಗೋಡೋ ಎಂಬವನಿಗಾಗಿ ಎರಡು ಅಂಕದುದ್ದಕ್ಕೂ ಕಾಯುತ್ತಾರೆ, ಅವನು ಬರುವುದಿಲ್ಲ. ನಡುವೆ ಪೋಜೋ ಎಂಬ ಒಡೆಯ, ಲಕ್ಕಿ ಎಂಬ ಅವನ ಆಳು ಹಾದುಹೋಗುತ್ತಾರೆ, ಗೋಡೋನ ಸುದ್ದಿ ಹೊತ್ತು ಒಬ್ಬ ಹುಡುಗ ಬರುತ್ತಾನೆ. ಬೈಬಲ್ಲಿನ ಅಧ್ಯಾಯ, ವಚನಗಳ ಸಂಖ್ಯೆ ಕೊಟ್ಟಿದ್ದೇವೆ. ಕನ್ನಡ ಸತ್ಯವೇದ, ಅಂದರೆ ಕನ್ನಡ ಬೈಬಲ್, ಪಕ್ಕದಲ್ಲಿದ್ದರೆ ಒಳ್ಳೆಯದು.

ಈ ನಾಟಕದಲ್ಲಿ ಬೈಬಲ್ ನಿಜವಾಗಿಯೂ ಇದೆಯೇ, ವಿಮರ್ಶಕರು ತುರುಕಿದ್ದೇ?

ಇದೆ, ಅದೂ ಹೆಸರು ಹಿಡಿದು. ಪರದೆ ಸರಿದ ಕೆಲವೇ ನಿಮಿಷಗಳಲ್ಲಿ ವ್ಲಾದಿಮಿರ್ ಗೆಳೆಯನನ್ನು ‘ಬೈಬಲ್ ಓದಿದ್ದೀಯಾ’ ಎಂದು ಕೇಳುತ್ತಾನೆ. ಇಬ್ಬರು ಕಳ್ಳರು, ನಾಲ್ವರು ಸುವಾರ್ತಿಕರು (ಯೇಸುವಿನ ಕತೆ ಬರೆದ ಮತ್ತಾಯ, ಮಾರ್ಕ, ಲೂಕ, ಯೋಹಾನ), ಶಿಲುಬೆ, ಕಾಯಿನ, ಅವನು ಕೊಂದ ತಮ್ಮ ಹೇಬೆಲ, ಕ್ರಿಸ್ತ, ಮೃತ ಸಮುದ್ರ ಎಲ್ಲವೂ ಪಾತ್ರಗಳ ಬಾಯಲ್ಲೇ ಬರುತ್ತವೆ. ಬೆಕೆಟ್ ಡಬ್ಲಿನ್ ಬಳಿಯ ಫಾಕ್ಸ್‌ರಾಕ್‌ನ ಪ್ರಾಟೆಸ್ಟಂಟ್ ಮನೆಯಲ್ಲಿ ಬೆಳೆದವನು, ಹುಟ್ಟಿದ್ದು 1906ರ ಏಪ್ರಿಲ್ 13ರ ಶುಭ ಶುಕ್ರವಾರ. ಕ್ರೈಸ್ತ ಪುರಾಣ ತನಗೆ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಬಳಸುತ್ತೇನೆ ಎಂಬರ್ಥದ ಮಾತನ್ನು ಅವನೇ ಆಡಿದ್ದಾನೆ. ಆ ಮಾತಿನಲ್ಲಿ ಭಕ್ತಿಯೂ ಇಲ್ಲ, ವೈರವೂ ಇಲ್ಲ. ಕೈಗೆ ಸಿಕ್ಕ ಸಾಮಗ್ರಿಯ ಬಗ್ಗೆ ಕಸುಬುದಾರ ಆಡುವ ಮಾತು ಅದು.

ಈ ನಾಟಕದಲ್ಲಿರುವುದು ಅರ್ಧ ಮರೆತ ಬೈಬಲ್. ಪ್ರತಿ ಉಲ್ಲೇಖವೂ ಎಲ್ಲೋ ಒಂದು ಕಡೆ ತಪ್ಪಾಗಿದೆ, ಅರ್ಧಕ್ಕೆ ನಿಂತಿದೆ ಅಥವಾ ತಲೆಕೆಳಗಾಗಿದೆ. ಆದ್ದರಿಂದ ‘ಇದು ಬೈಬಲ್ಲಿನ ಯಾವುದಕ್ಕೆ ಸಮ’ ಎಂದು ಕೇಳಿದರೆ ಸಿಗುವ ಉತ್ತರ ಸಪ್ಪೆ. ‘ಮೂಲದಿಂದ ಇದು ಎಲ್ಲಿ ಬೇರೆಯಾಯಿತು’ ಎಂದು ಕೇಳಿದಾಗ ನಾಟಕ ಮಾತಾಡಲು ಶುರುಮಾಡುತ್ತದೆ. ಕೆಳಗಿನ ಬಹುತೇಕ ಉತ್ತರಗಳು ಈ ಒಂದೇ ವಿಧಾನದ ಬಳಕೆ.

ಹಾಗಾದರೆ ಗೋಡೋ ಅಂದರೆ ದೇವರೇ?

ಅಲ್ಲ ಎಂದು ಖಡಾಖಂಡಿತವಾಗಿ ಹೇಳಲಾಗದು, ಹೌದು ಎಂದರಂತೂ ನಾಟಕ ಅಲ್ಲಿಗೇ ಮುಗಿಯಿತು. ದೇವರು ಎನ್ನಬೇಕಿದ್ದರೆ ದೇವರು ಎಂದೇ ಬರೆಯುತ್ತಿದ್ದೆ ಎಂದು ಬೆಕೆಟ್ ಹೇಳಿದ್ದ. ನಾಟಕ ಮೊದಲು ಬರೆದದ್ದು ಫ್ರೆಂಚ್‌ನಲ್ಲಿ, 1948ರ ಅಕ್ಟೋಬರ್‌ನಿಂದ 1949ರ ಜನವರಿಯ ನಡುವೆ. ಆ ಭಾಷೆಯಲ್ಲಿ ದೇವರಿಗೆ ಇರುವ ಶಬ್ದ ‘ದಿಯೆ’, ಅಲ್ಲಿ ಇಂಗ್ಲಿಷಿನ ‘ಗಾಡ್’, ‘ಗೋಡೋ’ ಎಂಬ ಪ್ರಾಸ ಕೇಳಿಸುವುದೇ ಇಲ್ಲ. ಆದರೂ ಬಿಳಿ ಗಡ್ಡ, ಕುರಿ ಕಾಯುವವರು, ಕಾರಣ ಹೇಳದೆ ಒಬ್ಬನನ್ನು ಹೊಡೆದು ಇನ್ನೊಬ್ಬನನ್ನು ಬಿಡುವ ಗುಣ, ‘ಅವನು ಬಂದರೆ ನಾವು ಉಳಿದೆವು’ ಎಂಬ ವ್ಲಾದಿಮಿರ್‌ನ ಮಾತು ಇವೆಲ್ಲ ದೇವರ ಕಡೆಗೆ ಕೈ ತೋರಿಸುತ್ತವೆ. ಕೈ ತೋರಿಸುತ್ತವೆ, ಕರೆದುಕೊಂಡು ಹೋಗಿ ತಲುಪಿಸುವುದಿಲ್ಲ.

ಆಡುವವರಿಗೆ ಇದರಿಂದ ಒಂದು ನೇರ ಸೂಚನೆ: ಗೋಡೋ ಹೆಸರು ಬಂದಾಗಲೆಲ್ಲ ಮೇಲೆ ನೋಡಬೇಡಿ. ಅವನು ರಸ್ತೆಯ ಮೇಲೆ ಬರಬೇಕಾದವನು. ನಟರು ಸೈಡ್‌ವಿಂಗ್‌ಗಳ ಕಡೆಗೆ, ಅಂದರೆ ರಂಗದ ಬಲಕ್ಕೆ ಎಡಕ್ಕೆ ನೋಡಬೇಕು. ಇದೊಂದನ್ನು ಸರಿಮಾಡಿಕೊಂಡರೆ ‘ಗೋಡೋ ಎಂದರೆ ದೇವರು’ ಎಂಬ ಓದಿನ ಅರ್ಧ ಭಾರ ತಾನಾಗಿ ಇಳಿಯುತ್ತದೆ.

ಇಬ್ಬರು ಕಳ್ಳರ ಮಾತಿಗೆ ಅಷ್ಟೇಕೆ ಮಹತ್ವ?

ಇಡೀ ನಾಟಕದ ಗಣಿತ ಇಲ್ಲಿದೆ. ಯೇಸುವಿನ ಎರಡೂ ಪಕ್ಕ ಶಿಲುಬೆಗೇರಿಸಲ್ಪಟ್ಟ ಇಬ್ಬರಲ್ಲಿ ಒಬ್ಬ ಪಾರಾದ, ಇನ್ನೊಬ್ಬ ನರಕಕ್ಕೆ ಹೋದ. ವ್ಲಾದಿಮಿರ್ ಇದನ್ನು ಶೇಕಡಾವಾರು ಲೆಕ್ಕಕ್ಕೆ ತರುತ್ತಾನೆ: ಪರವಾಗಿಲ್ಲ, ಇಬ್ಬರಲ್ಲಿ ಒಬ್ಬ! ಆಮೇಲೆ ಅವನನ್ನು ಕಾಡುವ ಪ್ರಶ್ನೆ ಬೇರೆ. ನಾಲ್ವರು ಸುವಾರ್ತಿಕರೂ ಅಲ್ಲೇ ಆಸುಪಾಸಿನಲ್ಲಿದ್ದರು, ಒಬ್ಬನೇ ಒಬ್ಬ ಈ ವಿಷಯ ಹೇಳುತ್ತಾನೆ, ಉಳಿದ ಮೂವರಲ್ಲಿ ಇಬ್ಬರು ಕಳ್ಳರ ಸುದ್ದಿಯನ್ನೇ ಎತ್ತುವುದಿಲ್ಲ, ಮೂರನೆಯವನು ಇಬ್ಬರೂ ಬೈದರು ಎನ್ನುತ್ತಾನೆ. ಹಾಗಿದ್ದರೆ ಆ ಒಬ್ಬನನ್ನೇ ನಂಬುವುದೇಕೆ?

ಈಗ ಸತ್ಯವೇದ ತೆರೆಯಿರಿ. ಮತ್ತಾಯ 27:38 ಮತ್ತು 44ರಲ್ಲಿ ಇಬ್ಬರು ಕಳ್ಳರು ಇದ್ದಾರೆ, ಇಬ್ಬರೂ ನಿಂದಿಸುತ್ತಾರೆ. ಮಾರ್ಕ 15:27 ಮತ್ತು 32ರಲ್ಲೂ ಹಾಗೆಯೇ. ಯೋಹಾನ 19:18 ‘ಬೇರೆ ಇಬ್ಬರು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಲೂಕ 23:39–43ರಲ್ಲಿ ಮಾತ್ರ ಒಬ್ಬ ನಿಂದಿಸುತ್ತಾನೆ, ಇನ್ನೊಬ್ಬ ಅವನನ್ನು ಗದರಿಸಿ ಯೇಸುವನ್ನು ಬೇಡಿಕೊಳ್ಳುತ್ತಾನೆ, ಅವನಿಗೆ ಅಂದೇ ಪರದೈಸಿನ (ಸ್ವರ್ಗದ) ವಾಗ್ದಾನ ಸಿಗುತ್ತದೆ. ತಮಾಷೆಯೆಂದರೆ ಲೂಕ ಅವರನ್ನು ಕಳ್ಳರು ಎಂದು ಕರೆಯುವುದೂ ಇಲ್ಲ, ದುಷ್ಕರ್ಮಿಗಳು ಎನ್ನುತ್ತಾನೆ.

ಅಂದರೆ ವ್ಲಾದಿಮಿರ್‌ನ ಲೆಕ್ಕ ತಪ್ಪು. ನಿಂದಿಸಿದರು ಎನ್ನುವವರು ಒಬ್ಬರಲ್ಲ, ಇಬ್ಬರು, ಸುಮ್ಮನಿರುವವನು ಒಬ್ಬನೇ. ಸಾಕ್ಷಿಗಳಲ್ಲಿ ಯಾರನ್ನು ನಂಬಬೇಕು ಎಂದು ತಲೆ ಕೆಡಿಸಿಕೊಂಡವನೇ ನಂಬಿಕೆಗೆ ಅರ್ಹನಾದ ಸಾಕ್ಷಿಯಲ್ಲ. ಎರಡನೇ ಅಂಕದಲ್ಲಿ ‘ನಿನ್ನೆ ನಾವು ಇಲ್ಲೇ ಇದ್ದೆವು’ ಎಂದು ಇದೇ ಮನುಷ್ಯ ಒತ್ತಿ ಹೇಳುತ್ತಾನೆ, ಎಸ್ಟ್ರಾಗನ್‌ಗೆ ನೆನಪಿಲ್ಲ, ಪೋಜೋಗೆ ನೆನಪಿಲ್ಲ, ಹುಡುಗನಿಗೂ ನೆನಪಿಲ್ಲ. ನಾಲ್ಕು ಸುವಾರ್ತೆಗಳ ತಕರಾರೇ ಅಲ್ಲಿ ನಾಲ್ಕು ಪಾತ್ರಗಳ ನಡುವೆ ಮತ್ತೆ ಆಡಲ್ಪಡುತ್ತದೆ.

ಹತಾಶರಾಗಬೇಡಿ, ಕಳ್ಳರಲ್ಲಿ ಒಬ್ಬ ಉಳಿದ. ಬೀಗಬೇಡಿ, ಇನ್ನೊಬ್ಬ ಉಳಿಯಲಿಲ್ಲ ಎಂಬರ್ಥದ ವಾಕ್ಯವೊಂದನ್ನು ಬೆಕೆಟ್ ಸಂತ ಅಗಸ್ಟೀನನದೆಂದು ಹೇಳಿ ಮೆಚ್ಚುತ್ತಿದ್ದ. ನಂಬುತ್ತೇನೋ ಇಲ್ಲವೋ ಅದು ಬೇರೆ, ಆ ವಾಕ್ಯದ ಆಕಾರ ನನಗೆ ಮುಖ್ಯ ಎನ್ನುತ್ತಿದ್ದ. ಆ ಆಕಾರವನ್ನು ನಾಟಕದ ಉದ್ದಕ್ಕೂ ಕಾಣಬಹುದು: ಎರಡು ಅಂಕ, ಇಬ್ಬರು ಅಲೆಮಾರಿಗಳು, ಒಡೆಯ ಮತ್ತು ಆಳು, ಹುಡುಗ ಮತ್ತು ಅವನ ಅಣ್ಣನೋ ತಮ್ಮನೋ.

ಆ ಪ್ರಸಂಗವನ್ನು ನಟರು ಹೇಗೆ ಹೇಳಬೇಕು?

ಪ್ರವಚನದ ದನಿಯಲ್ಲಿ ಖಂಡಿತ ಬೇಡ. ವ್ಲಾದಿಮಿರ್ ಇದನ್ನು ಹೊತ್ತು ಕಳೆಯಲು ಹೇಳುತ್ತಿದ್ದಾನೆ, ಎಸ್ಟ್ರಾಗನ್‌ಗೆ ತನ್ನ ಕಾಲಿನ ನೋವೇ ದೊಡ್ಡದು. ‘ನಮ್ಮ ರಕ್ಷಕ’ ಎಂದಾಗ ‘ನಮ್ಮ ಏನು?’ ಎಂದು ಕೇಳುವುದು ವ್ಯಂಗ್ಯವಲ್ಲ, ಅವನಿಗೆ ನಿಜವಾಗಿಯೂ ಕೇಳಿಸಿಲ್ಲ ಅಥವಾ ಗೊತ್ತಿಲ್ಲ. ಅಲ್ಲಿ ನಟ ಕಣ್ಣು ಮಿಟುಕಿಸಿದರೆ ನಾಸ್ತಿಕವಾದದ ಜೋಕ್ ಆಗುತ್ತದೆ, ಸುಮ್ಮನೆ ಕೇಳಿದರೆ ನಗೆ ತಾನಾಗಿ ಬರುತ್ತದೆ. ಚೆಂಡನ್ನು ಆಗಾಗ ವಾಪಸ್ ಕೊಡಬಾರದೇನೋ ಎಂದು ವ್ಲಾದಿಮಿರ್ ಗೋಗರೆಯುವ ಮಾತೂ ಇಲ್ಲೇ ಇದೆ, ವೇಗ ಅದಕ್ಕೆ ತಕ್ಕಂತೆ ಇರಲಿ. ಸುವಾರ್ತಿಕರ ಲೆಕ್ಕ ಬರುವ ಮೂರು ವಾಕ್ಯಗಳನ್ನು ಮಾತ್ರ ನಿಧಾನಿಸಿ: ಒಬ್ಬ, ಇಬ್ಬರು, ಮೂರನೆಯವನು. ಇವು ಪ್ರೇಕ್ಷಕರ ಕಿವಿಗೆ ಬೀಳದೆ ಹೋದರೆ ಮುಂದಿನದು ಬರೀ ಗೊಣಗಾಟವಾಗಿ ಕೇಳಿಸುತ್ತದೆ.

ಅನುವಾದ ಮಾಡುವಾಗ ಆ ತಪ್ಪು ಲೆಕ್ಕವನ್ನು ತಿದ್ದಬಹುದೇ?

ಕೂಡದು. ತಾಲೀಮಿಗೆ ಬಂದ ಬೈಬಲ್ ಬಲ್ಲವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ತಿದ್ದುಪಡಿ ಸೂಚಿಸಬಹುದು, ಅನುವಾದಕರಿಗೂ ಕೈ ಕಡಿಯಬಹುದು. ಫ್ರೆಂಚ್ ಮೂಲದಲ್ಲೂ ಇಂಗ್ಲಿಷಿನಲ್ಲೂ ಈ ಲೆಕ್ಕ ಹೀಗೆಯೇ ಇದೆ, ಎರಡನ್ನೂ ಬರೆದವನು ಬೆಕೆಟ್ಟೇ. ಹಸ್ತಪ್ರತಿಯ ಅಂಚಿನಲ್ಲಿ ‘ತಪ್ಪು ಪಾತ್ರದ್ದು, ತಿದ್ದಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿಡಿ.

ಹೆಸರುಗಳ ವಿಷಯದಲ್ಲಿ ಕನ್ನಡದ ಯಾವುದಾದರೂ ಒಂದು ಬೈಬಲ್ ಆವೃತ್ತಿಯನ್ನು ಹಿಡಿದು ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ. ಒಂದು ಕಡೆ ‘ಕಾಯಿನ’, ಇನ್ನೊಂದು ಕಡೆ ‘ಕೇನ್’ ಎಂದಾದರೆ ಕ್ರೈಸ್ತ ಪ್ರೇಕ್ಷಕರಿಗೂ ಗುರುತು ಸಿಗುವುದಿಲ್ಲ.

ಮರ ಶಿಲುಬೆಯೇ?

ಆ ಸಾಧ್ಯತೆ ಇದೆ. ಹೊಸ ಒಡಂಬಡಿಕೆಯೇ ಶಿಲುಬೆಯನ್ನು ಮರ ಎಂದು ಕರೆಯುತ್ತದೆ (ಗಲಾತ್ಯ 3:13, 1 ಪೇತ್ರ 2:24). ಇಬ್ಬರೂ ಆ ಮರಕ್ಕೆ ನೇಣು ಹಾಕಿಕೊಳ್ಳುವ ಮಾತಾಡುವುದರಿಂದ, ಯೇಸುವನ್ನು ಹಿಡಿದುಕೊಟ್ಟು ಆಮೇಲೆ ನೇಣು ಹಾಕಿಕೊಂಡ ಯೂದನ ನೆನಪಾಗುವುದೂ ಸಹಜ, ಮತ್ತಾಯ 27:5ರಲ್ಲಿ ಮರದ ಪ್ರಸ್ತಾಪ ಇಲ್ಲದಿದ್ದರೂ. ಆದಿಕಾಂಡದ ಮರಗಳು ಹೇಗೂ ಇವೆ. ಅಷ್ಟೇ ಅಲ್ಲ, ಒಂದೇ ರಾತ್ರಿಯಲ್ಲಿ ಚಿಗುರುವ ಆರೋನನ ಕೋಲು (ಅರಣ್ಯಕಾಂಡ 17:8), ಒಂದು ಹಗಲು ರಾತ್ರಿಯಲ್ಲಿ ಒಣಗುವ ಅಂಜೂರದ ಮರ (ಮಾರ್ಕ 11:12–14, 20) ಎರಡೂ ಎರಡನೇ ಅಂಕದ ಎಲೆಗಳ ಹಿಂದೆ ನಿಲ್ಲಬಲ್ಲವು.

ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಗಟ್ಟಿಯಾದ ಕೊಂಡಿ ಬೇರೊಂದಿದೆ, ಅದನ್ನು ಗಮನಿಸುವವರು ಕಡಿಮೆ. ಮೊದಲನೇ ಅಂಕದ ಆರಂಭದಲ್ಲೇ ವ್ಲಾದಿಮಿರ್ ಒಂದು ಗಾದೆಯನ್ನು ಅರ್ಧ ಹೇಳಿ ತಡವರಿಸುತ್ತಾನೆ: ನಿರೀಕ್ಷೆ ತಡವಾದರೆ ಯಾವುದಕ್ಕೋ ಬೇನೆ, ಯಾರು ಹೇಳಿದ್ದು ಇದನ್ನು? ಅದು ಜ್ಞಾನೋಕ್ತಿ 13:12. ಅವನಿಗೆ ನೆನಪಾಗದ ಶಬ್ದ ‘ಹೃದಯ’. ಅವನು ಹೇಳದೇ ಬಿಟ್ಟ ಉತ್ತರಾರ್ಧ ಇನ್ನೂ ಮುಖ್ಯ: ಬಯಸಿದ್ದು ಕೈಗೂಡಿದರೆ ಅದು ಜೀವವೃಕ್ಷ. ವಾಕ್ಯದ ಮೊದಲರ್ಧ ಅವನ ಬಾಯಲ್ಲಿದೆ, ಉಳಿದರ್ಧ ಅವನ ಪಕ್ಕದಲ್ಲೇ ಒಣಗಿ ನಿಂತಿದೆ. ಎರಡನ್ನೂ ಅವನು ಜೋಡಿಸುವುದೇ ಇಲ್ಲ. ನಟನೂ ಜೋಡಿಸಬಾರದು, ಆ ಮಾತಿನ ಹೊತ್ತಿಗೆ ಮರದ ಕಡೆ ಬೆರಳು ತೋರಿಸಿದರೆ ಕೆಟ್ಟಿತು. ನಿರ್ದೇಶಕರು ಅವನನ್ನು ಮರ ಬೆನ್ನ ಹಿಂದಿರುವಂತೆ ನಿಲ್ಲಿಸಿದರೆ ಸಾಕು.

ಬೈಬಲ್ ಬಿಟ್ಟು ಬೇರೆ ಮೂಲವೂ ಈ ದೃಶ್ಯಕ್ಕಿದೆ. ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಎಂಬ ಜರ್ಮನ್ ಕಲಾವಿದ ಚಂದ್ರನನ್ನು ನೋಡುತ್ತ ನಿಂತ ಇಬ್ಬರನ್ನು, ಪಕ್ಕದಲ್ಲಿ ಒಂದು ಬೋಳು ಮರವನ್ನು ಚಿತ್ರಿಸಿದ್ದ. ನಾಟಕದ ಮೂಲ ಆ ಚಿತ್ರ ಎಂದು ಬೆಕೆಟ್ ಹೇಳಿದ್ದುಂಟು.

ರಂಗದ ಮೇಲೆ ಆ ಮರ ಹೇಗಿರಬೇಕು?

ತೆಳ್ಳಗೆ. ಎರಡನೇ ಅಂಕದಲ್ಲಿ ಎಸ್ಟ್ರಾಗನ್ ಅದರ ಹಿಂದೆ ಅಡಗಲು ಹೋಗಿ ಸೋಲುತ್ತಾನೆ, ಕಾಂಡ ಅಗಲವಾಗಿದ್ದರೆ ಆ ನಗೆಯೇ ಇಲ್ಲ. ಮೂರು ನಾಲ್ಕು ಇಂಚು ದಪ್ಪ, ಏಳೆಂಟು ಅಡಿ ಎತ್ತರ ಸಾಕು. ಒಳಗೆ ಒಂದಿಂಚಿನ ಕಬ್ಬಿಣದ ಪೈಪು, ಕೊಂಬೆಗಳಿಗೆ ದಪ್ಪ ತಂತಿ, ಮೇಲೆ ತೆಂಗಿನ ನಾರಿನ ಹಗ್ಗ ಸುತ್ತಿ ಗೋಂದಿನಲ್ಲಿ ಅದ್ದಿದ ಬಟ್ಟೆ ಹೊದಿಸಿದರೆ ತೊಗಟೆಯಂತೆ ಕಾಣುತ್ತದೆ. ತಳಕ್ಕೆ ಎರಡಡಿ ಚದರದ ಹಲಗೆ, ಅದರ ಮೇಲೆ 25–30 ಕೆಜಿ ಮರಳಿನ ಚೀಲ. ನಟರು ಮರ ಹಿಡಿದು ಅಲ್ಲಾಡಿಸಿ ನೋಡುವುದು ಇದ್ದೇ ಇರುತ್ತದೆ.

ಭುಜದ ಎತ್ತರದಲ್ಲಿ ಎರಡೂ ಬದಿಗೆ ಸಮವಾಗಿ ಚಾಚಿದ ಕೊಂಬೆ ಇಡಬೇಡಿ. ಕಣ್ಣಿಗೆ ಮರ ಸರಿಯಾಗಿ ಕಂಡರೂ ಪಕ್ಕದ ಬೆಳಕಿನಲ್ಲಿ ಹಿಂಪರದೆಯ ಮೇಲೆ ಶಿಲುಬೆಯ ನೆರಳು ಬೀಳುತ್ತದೆ, ಇದು ಗೊತ್ತಾಗುವುದು ಟೆಕ್ನಿಕಲ್ ತಾಲೀಮಿನ ರಾತ್ರಿ. ಮರ ಕಟ್ಟುವಾಗಲೇ ಒಂದು ಟಾರ್ಚ್ ಹಿಡಿದು ಸುತ್ತ ಬಂದು ನೆರಳು ಪರೀಕ್ಷಿಸಿಬಿಡಿ. ಪ್ಯಾರಿಸ್ಸಿನ ಓದೆಯೋನ್ ರಂಗಮಂದಿರದ 1961ರ ಪ್ರಯೋಗಕ್ಕೆ ಮರ ಮಾಡಿಕೊಟ್ಟವನು ಶಿಲ್ಪಿ ಜಾಕೊಮೆಟ್ಟಿ. ಅವನ ಕೈಗೇ ಇದು ಸುಲಭದ ಕೆಲಸವಾಗಿರಲಿಲ್ಲವೆಂದರೆ ನಮ್ಮ ಬಡಗಿ ಎರಡು ಸಲ ಬಿಚ್ಚಿ ಕಟ್ಟಿದರೆ ಬೇಸರಪಡಬೇಕಿಲ್ಲ.

ಎಲೆಗಳು ನಾಲ್ಕು ಅಥವಾ ಐದು, ರಂಗಸೂಚನೆ ಹಾಗೇ ಹೇಳುತ್ತದೆ. ವ್ಲಾದಿಮಿರ್ ಮಾತ್ರ ಮರವೆಲ್ಲ ಎಲೆಯಿಂದ ಮುಚ್ಚಿಹೋಗಿದೆ ಎನ್ನುತ್ತಾನೆ. ಆ ಅಂತರದಲ್ಲಿ ಪವಾಡವೂ ಇದೆ, ಅದರ ಗೇಲಿಯೂ ಇದೆ. ಚೆಲುವಾಗಿರಲೆಂದು ಹದಿನೈದಿಪ್ಪತ್ತು ಎಲೆ ಕಟ್ಟಿದರೆ ಎರಡೂ ಹೋಗುತ್ತವೆ.

‘ಮರದ ಹಾಗೆ ನಿಲ್ಲೋಣ’ ಎಂಬ ವ್ಯಾಯಾಮಕ್ಕೆ ವೃಕ್ಷಾಸನ ಹಾಕಬಹುದೇ?

ನಮ್ಮ ನಟರು ಹೇಳದೆಯೇ ಹಾಕುತ್ತಾರೆ, ಅದೇ ತೊಂದರೆ. ತಲೆಯ ಮೇಲೆ ಕೈ ಜೋಡಿಸಿದ ಕೂಡಲೇ ಅದು ಪ್ರಾರ್ಥನೆಯಾಗಿ ಕಾಣುತ್ತದೆ, ಸ್ಥಿರವಾಗಿ ನಿಂತುಬಿಟ್ಟರೆ ಯೋಗ ಪ್ರದರ್ಶನ. ಇಲ್ಲಿ ಅವರು ತೂರಾಡಬೇಕು. ದೇವರು ನನ್ನನ್ನು ನೋಡುತ್ತಾನಾ ಎಂದು ಎಸ್ಟ್ರಾಗನ್ ಕೇಳುತ್ತಾನೆ, ಕಣ್ಣು ಮುಚ್ಚಬೇಕು ಎಂಬ ಉತ್ತರ ಬರುತ್ತದೆ, ಕಣ್ಣು ಮುಚ್ಚಿದವನು ಇನ್ನಷ್ಟು ತೂರಾಡುತ್ತಾನೆ, ಆಮೇಲೆ ಮುಷ್ಟಿ ಎತ್ತಿ ‘ನನ್ನ ಮೇಲೆ ಕರುಣೆ ತೋರು’ ಎಂದು ಕೂಗುತ್ತಾನೆ. ಸಮತೋಲಕ್ಕಾಗಿ ಕೈಗಳು ಅಗಲವಾಗಿ ಚಾಚಿಕೊಂಡಾಗ ಅರೆಕ್ಷಣ ಶಿಲುಬೆಯ ಆಕಾರ ಬಂದು ಹೋಗುತ್ತದೆ. ಬರಲಿ, ಹೋಗಲಿ, ಅಲ್ಲಿ ಬೆಳಕು ಬದಲಿಸಬೇಡಿ.

ಆಡು ಕಾಯುವ ಹುಡುಗನ ಅರ್ಥವೇನು?

ಮತ್ತಾಯ 25:31–46ರಲ್ಲಿ ನ್ಯಾಯತೀರ್ಪಿನ ದಿನ ಕುರುಬನು ಕುರಿಗಳನ್ನು ಬಲಕ್ಕೆ, ಆಡುಗಳನ್ನು ಎಡಕ್ಕೆ ಬೇರ್ಪಡಿಸುತ್ತಾನೆ, ಬಲದವರಿಗೆ ರಾಜ್ಯ, ಎಡದವರಿಗೆ ಬೆಂಕಿ. ನಾಟಕದ ಹುಡುಗ ಕಾಯುವುದು ಆಡು, ಅವನಿಗೆ ಏಟಿಲ್ಲ. ಕುರಿ ಕಾಯುವ ಅವನ ಸೋದರನನ್ನು ಗೋಡೋ ಹೊಡೆಯುತ್ತಾನೆ. ಯಾಕೆ ಎಂದರೆ ಹುಡುಗನಿಗೆ ಗೊತ್ತಿಲ್ಲ. ಸುವಾರ್ತೆಯ ತೀರ್ಪು ಸರಿಯಾಗಿ ತಿರುಗುಮುರುಗು.

ಆದರೆ ಇದನ್ನು ‘ತಲೆಕೆಳಗು’ ಎಂದಷ್ಟೇ ಬರೆದು ಮುಗಿಸುವ ಮುನ್ನ ಆದಿಕಾಂಡ 4:2 ನೋಡಿ. ಹೇಬೆಲ ಕುರಿ ಕಾಯುವವನು, ಪೆಟ್ಟು ತಿಂದು ಸತ್ತವನೂ ಅವನೇ. ಆ ಕತೆಯ ಪ್ರಕಾರ ಕುರಿ ಕಾಯುವವನಿಗೆ ಹೊಡೆತ ಬೀಳುವುದು ಸರಿಯಾಗಿಯೇ ಹೊಂದುತ್ತದೆ, ಹೊಡೆಯುವವನು ಮಾತ್ರ ಅಣ್ಣನಲ್ಲ, ಯಜಮಾನ. ಒಂದೇ ವಿವರ ಒಂದು ವಚನಕ್ಕೆ ವಿರುದ್ಧ, ಇನ್ನೊಂದಕ್ಕೆ ಅನುಗುಣ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ವ್ಯಾಖ್ಯಾನವೇ ಉತ್ತಮ.

ಹುಡುಗನನ್ನು ದೇವದೂತನಂತೆ ಬಿಳಿ ಅಂಗಿ ತೊಡಿಸಿ ಹಿಂಬೆಳಕಿನಲ್ಲಿ ನಿಲ್ಲಿಸುವುದು ತೀರಾ ಬಳಸಿ ಸವೆದ ಉಪಾಯ. ತಲೆಗೂದಲ ಸುತ್ತ ಪ್ರಭೆ ಮೂಡಿದ ಕೂಡಲೇ ಅವನ ಅಂಜಿಕೆ, ‘ಗೊತ್ತಿಲ್ಲ ಸ್ವಾಮಿ’ ಎಂಬ ಉತ್ತರಗಳು ಎಲ್ಲ ಹಗುರಾಗುತ್ತವೆ.

ಎರಡನೇ ಅಂಕದಲ್ಲಿ ಕಾಯಿನ, ಹೇಬೆಲ ಎಂದು ಕೂಗುವುದೇಕೆ?

ಬಿದ್ದವನ ಹೆಸರು ಪರೀಕ್ಷಿಸಲು. ಹೇಬೆಲ ಎಂದರೂ ಪೋಜೋ ‘ಸಹಾಯ’ ಎಂದು ಓಗೊಡುತ್ತಾನೆ, ಕಾಯಿನ ಎಂದರೂ ಓಗೊಡುತ್ತಾನೆ. ಕೊಂದವನೂ ಸತ್ತವನೂ ಒಬ್ಬನೇ. ಇವನೇ ಇಡೀ ಮನುಕುಲ ಎನ್ನುತ್ತಾನೆ ಎಸ್ಟ್ರಾಗನ್. ಎರಡು ಕೂಗುಗಳ ನಡುವೆ ಪೂರ್ತಿ ಒಂದು ಉಸಿರಿನ ಅಂತರ ಬಿಡಿ. ಪೋಜೋ ಪಾತ್ರಧಾರಿ ಎರಡೂ ಸಲ ಒಂದೇ ಸ್ವರದಲ್ಲಿ ಉತ್ತರಿಸಬೇಕು. ಎರಡನೆಯದಕ್ಕೆ ದನಿ ಬದಲಿಸಿದರೆ ಯಾವುದೋ ಒಂದು ನಿಜವಾದ ಹೆಸರು ಎಂಬಂತಾಗುತ್ತದೆ.

ಎಸ್ಟ್ರಾಗನ್ ತನ್ನನ್ನು ಕ್ರಿಸ್ತನಿಗೆ ಹೋಲಿಸಿಕೊಳ್ಳುವುದು ಗಂಭೀರವಾಗಿಯೇ?

ಅವನ ಮಟ್ಟಿಗೆ ಹೌದು. ಬೂಟು ಬಿಟ್ಟು ಬರಿಗಾಲಲ್ಲಿ ಹೋಗುತ್ತೇನೆ, ಕ್ರಿಸ್ತ ಹೋಗಲಿಲ್ಲವೇ ಎನ್ನುತ್ತಾನೆ, ಬದುಕೆಲ್ಲ ತನ್ನನ್ನು ಅವನಿಗೇ ಹೋಲಿಸಿಕೊಂಡಿದ್ದೇನೆ ಎನ್ನುತ್ತಾನೆ. ಇಲ್ಲೂ ನೆನಪು ಕೈಕೊಟ್ಟಿದೆ: ಮಾರ್ಕ 1:7ರಲ್ಲಿ ಸ್ನಾನಿಕ ಯೋಹಾನ ಆ ಬರುವವನ, ಅಂದರೆ ಯೇಸುವಿನ, ಕೆರದ ಬಾರನ್ನು ಬಿಚ್ಚಲೂ ತಾನು ಯೋಗ್ಯನಲ್ಲ ಎನ್ನುತ್ತಾನೆ, ಕಾಲಲ್ಲಿ ಕೆರ ಇತ್ತು. ವ್ಲಾದಿಮಿರ್‌ನ ಆಕ್ಷೇಪವೂ ಧರ್ಮದ್ದಲ್ಲ, ಹವಾಮಾನದ್ದು: ಅಲ್ಲಿ ಬೆಚ್ಚಗಿತ್ತು, ಒಣಗಿತ್ತು. ಹೌದು, ಬೇಗ ಶಿಲುಬೆಗೂ ಏರಿಸುತ್ತಿದ್ದರು ಎಂಬ ಉತ್ತರದಲ್ಲಿ ಅಸೂಯೆ ಇದೆ. ಈ ಇಬ್ಬರ ಪಾಡು ಮುಗಿಯುವುದೇ ಇಲ್ಲವಲ್ಲ! ಈ ಮಾತನ್ನು ಕುಹಕದಿಂದ ಎಸೆದರೆ ಸಭೆಯ ಒಂದು ಭಾಗಕ್ಕೆ ಚುಚ್ಚುತ್ತದೆ, ಉಳಿದವರಿಗೆ ಏನೂ ಸಿಗುವುದಿಲ್ಲ. ದಣಿದ ದನಿಯಲ್ಲಿ ಹೇಳಲಿ.

ಎಸ್ಟ್ರಾಗನ್ ತನ್ನ ಹೆಸರು ‘ಆದಾಮ’ ಎನ್ನುತ್ತಾನೆ ಎಂದು ಓದಿದೆವು. ನಮ್ಮ ಪ್ರತಿಯಲ್ಲಿ ಅದಿಲ್ಲ.

ಆವೃತ್ತಿಯ ವ್ಯತ್ಯಾಸ. ಫ್ರೆಂಚ್ ಮೂಲದಲ್ಲಿ ಅವನು ಹೇಳುವ ಹೆಸರು ರೋಮನ್ ಕವಿ ಕಾತುಲ್ಲಸನದು, ಅಮೆರಿಕದ ಇಂಗ್ಲಿಷ್ ಆವೃತ್ತಿಯಲ್ಲಿ ಆದಾಮ. ಹಾಗಾಗಿ ಈ ಒಂದು ಹೆಸರಿನ ಮೇಲೆ ಇಡೀ ವ್ಯಾಖ್ಯಾನ ಕಟ್ಟಬೇಡಿ.

ಶನಿವಾರದ ಪ್ರಸ್ತಾಪಕ್ಕೂ ಬೈಬಲ್ಲಿಗೂ ಸಂಬಂಧ ಇದೆಯೇ?

ಶುಭ ಶುಕ್ರವಾರಕ್ಕೂ ಪುನರುತ್ಥಾನದ ಭಾನುವಾರಕ್ಕೂ ನಡುವಿನ ದಿನ ಶನಿವಾರ, ಸತ್ತವನು ಇನ್ನೂ ಎದ್ದಿಲ್ಲದ ದಿನ. ಗೋಡೋ ಹೇಳಿದ್ದು ಶನಿವಾರ ಎಂದು ವ್ಲಾದಿಮಿರ್‌ಗೆ ಅನಿಸುತ್ತದೆ. ಯಾವ ಶನಿವಾರ, ಇವತ್ತು ಶನಿವಾರವೇ, ಭಾನುವಾರವೋ, ಸೋಮವಾರವೋ, ಶುಕ್ರವಾರವೋ ಎಂದು ಎಸ್ಟ್ರಾಗನ್ ಕೆದಕುತ್ತಾನೆ. ಪಠ್ಯದಲ್ಲಿ ಇದರ ಪ್ರತಿಧ್ವನಿ ಕೇಳಿಸುತ್ತದೆ, ಪುರಾವೆ ಎನ್ನುವಷ್ಟಿಲ್ಲ.

ಲಕ್ಕಿಯ ಭಾಷಣದಲ್ಲಿ ಏನನ್ನು ಹಿಡಿಯಬೇಕು?

ಮೊದಲ ಕೆಲವು ಸಾಲುಗಳನ್ನು. ಬಿಳಿ ಗಡ್ಡದ, ಕಾಲದ ಆಚೆಗಿರುವ ಒಬ್ಬ ದೇವರು; ಅವನಿಗೆ ನೋವು ತಟ್ಟುವುದಿಲ್ಲ, ಬೆರಗಿಲ್ಲ, ಮಾತಿಲ್ಲ; ಆದರೂ ನಮ್ಮನ್ನು ತುಂಬ ಪ್ರೀತಿಸುತ್ತಾನೆ, ಕೆಲವರನ್ನು ಬಿಟ್ಟು, ಕಾರಣ ತಿಳಿಯದು. ದೇವತಾಶಾಸ್ತ್ರದ ಪಾಠ ಇಲ್ಲಿಂದ ಹಳಿ ತಪ್ಪಿ ಕೊನೆಗೆ ತಲೆಬುರುಡೆಯವರೆಗೆ ಹೋಗುತ್ತದೆ.

‘ಬಿಳಿ ಗಡ್ಡ’ ಮತ್ತು ‘ಕೆಲವರನ್ನು ಬಿಟ್ಟು’ ಎರಡೂ ಸ್ಪಷ್ಟವಾಗಿ ಕೇಳಿಸಬೇಕು. ಕಾರಣ ಸರಳ. ನಾಟಕದ ಕೊನೆಯಲ್ಲಿ ಗೋಡೋನ ಗಡ್ಡ ಬಿಳಿ ಎಂದು ಹುಡುಗ ಹೇಳಿದಾಗ ವ್ಲಾದಿಮಿರ್ ಬೆಚ್ಚಿ ಕ್ರಿಸ್ತನ ಕರುಣೆ ಬೇಡುತ್ತಾನೆ. ಲಕ್ಕಿಯ ಮಾತಿನಲ್ಲಿ ಗಡ್ಡ ಕೇಳಿಸಿರದ ಪ್ರೇಕ್ಷಕನಿಗೆ ಆ ಬೆಚ್ಚುವಿಕೆ ಅರ್ಥವಾಗುವುದಿಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಲಕ್ಕಿ ಮೊದಲ ಶಬ್ದದಿಂದಲೇ ಬಿರುಗಾಳಿಯಾಗುತ್ತಾನೆ, ಚಪ್ಪಾಳೆ ಬೀಳುತ್ತದೆ, ಕೊನೆಯ ದೃಶ್ಯ ಸೋರಿಹೋಗುತ್ತದೆ. ಮೊದಲ ಅರ್ಧ ನಿಮಿಷ ಮೇಷ್ಟರ ಹಾಗೆ ಬಿಡಿಸಿ ಹೇಳಲಿ, ಓಟ ಆಮೇಲೆ. ಅಂದಹಾಗೆ ದೇವರನ್ನು ಮುದುಕನಾಗಿ ಕಾಣಿಸುವ ದಾನಿಯೇಲ 7:9ರ ‘ಮಹಾವೃದ್ಧ’ನಿಗೆ ಉಣ್ಣೆಯಂಥ ತಲೆಗೂದಲು ಇದೆಯೇ ಹೊರತು ಗಡ್ಡದ ಮಾತಿಲ್ಲ.

ಪೋಜೋ ಕುರುಡನಾಗುವುದು, ಲಕ್ಕಿ ಮೂಕನಾಗುವುದು?

ಯೆಶಾಯ 35:5–6 ಮತ್ತು ಮತ್ತಾಯ 11:5 ಬರಬೇಕಾದವನ ಗುರುತುಗಳನ್ನು ಹೇಳುತ್ತವೆ: ಕುರುಡರಿಗೆ ಕಣ್ಣು, ಕುಂಟರಿಗೆ ನಡಿಗೆ, ಮೂಕನ ಬಾಯಿಗೆ ಹಾಡು. ಇಲ್ಲಿ ಕಣ್ಣಿದ್ದವನು ಕುರುಡ, ಮಾತಾಡಿದವನು ಮೂಕ, ಲಕ್ಕಿಯ ಒದೆ ತಿಂದ ಎಸ್ಟ್ರಾಗನ್ ಕುಂಟ. ಬರಬೇಕಾದವನು ಬಂದಿಲ್ಲ ಎಂಬುದಕ್ಕೆ ದೇಹಗಳೇ ಸಾಕ್ಷಿ. ನಾಟಕ ಈ ವಚನಗಳನ್ನು ಹೆಸರಿಸುವುದಿಲ್ಲವಾದ್ದರಿಂದ ಇದನ್ನು ಓದುಗರ ಒಳನೋಟ ಎಂದೇ ಬರೆಯಿರಿ.

ಅತಿವ್ಯಾಖ್ಯಾನ ಎಲ್ಲಿ ಶುರುವಾಗುತ್ತದೆ?

ಕ್ಯಾರೆಟ್ಟಿನಲ್ಲಿ ಪ್ರಭುಭೋಜನ (ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ) ಕಂಡಾಗ. ಮೂಲಂಗಿ, ಟೋಪಿ, ಕೋಳಿಯ ಎಲುಬು, ಸೊಂಟದ ಹಗ್ಗ ಎಲ್ಲಕ್ಕೂ ವಚನ ಹುಡುಕಿದರೆ ಸಿಗುತ್ತದೆ, ಬೈಬಲ್ ಅಷ್ಟು ದೊಡ್ಡದು. ಒಂದು ಒಳ್ಳೆಯ ಎಚ್ಚರಿಕೆ ಇದು: ವ್ಲಾದಿಮಿರ್ ಆ ಮರವನ್ನು ವಿಲ್ಲೋ ಇರಬಹುದು ಎನ್ನುತ್ತಾನೆ. ಕೀರ್ತನೆ 137ರಲ್ಲಿ ಸೆರೆಯಾಳುಗಳು ಬಾಬೆಲಿನ ನದಿಗಳ ಬಳಿ ಅಂಥದೇ ಮರಗಳಿಗೆ ಕಿನ್ನರಿಗಳನ್ನು ತೂಗುಹಾಕಿ ಅಳುತ್ತಾರೆ. ನಾಟಕ 1953ರ ಜನವರಿ 5ರಂದು ಪ್ಯಾರಿಸ್ಸಿನಲ್ಲಿ ರೋಜೆ ಬ್ಲಾಂ ನಿರ್ದೇಶನದಲ್ಲಿ ಮೊದಲು ಪ್ರದರ್ಶನಗೊಂಡ ರಂಗಮಂದಿರದ ಹೆಸರೇ ತೆಯಾತ್ರ್ ದ ಬಾಬಿಲೋನ್, ಅಂದರೆ ಬಾಬೆಲಿನ ರಂಗಮಂದಿರ! ಎಷ್ಟು ಚೆನ್ನಾಗಿ ಕೂಡಿಬರುತ್ತದೆ, ಎಷ್ಟು ನಿರುಪಯೋಗಿ. ನಾಟಕ ಬರೆದು ಮುಗಿಸಿದ ನಾಲ್ಕು ವರ್ಷಗಳ ಮೇಲೆ ಸಿಕ್ಕ ಬಾಡಿಗೆಯ ಜಾಗ ಅದು.

ತಾಲೀಮಿನಲ್ಲಿ ಇದನ್ನೆಲ್ಲ ಹೇಗೆ ಕೆಲಸಕ್ಕೆ ತರುವುದು?

1. ಮೊದಲ ವಾಚನ ಬೈಬಲ್ಲಿನ ಸುದ್ದಿ ಇಲ್ಲದೆ ಆಗಲಿ. ಎಲ್ಲಿ ನಗು ಬಂತು, ಎಲ್ಲಿ ಗೊಂದಲ ಆಯಿತು ಎಂದಷ್ಟೇ ಗುರುತಿಸಿ.

2. ಎರಡನೇ ದಿನ ಲೂಕ 23:32–43, ಮತ್ತಾಯ 27:38–44, ಮಾರ್ಕ 15:27–32, ಯೋಹಾನ 19:18, ಆದಿಕಾಂಡ 4:1–16, ಮತ್ತಾಯ 25:31–46, ಜ್ಞಾನೋಕ್ತಿ 13:12 ಗಟ್ಟಿಯಾಗಿ ಓದಿ. ಅರ್ಧ ಗಂಟೆ ಸಾಕು. ಕ್ರೈಸ್ತರಲ್ಲದ ನಟರು ಓದಿದರೆ ಇನ್ನೂ ಒಳ್ಳೆಯದು, ಕತೆ ಅವರಿಗೆ ಹೊಸದಾಗಿ ಕೇಳಿಸುತ್ತದೆ.

3. ನಾಲ್ಕು ಅಂಕಣದ ಪಟ್ಟಿ ಮಾಡಿ: ಸಂಭಾಷಣೆ, ವಚನ, ಏನು ಬದಲಾಗಿದೆ, ಪಾತ್ರಕ್ಕೆ ಆ ಬದಲಾವಣೆ ಗೊತ್ತೇ. ಕೊನೆಯ ಅಂಕಣವೇ ನಟನಿಗೆ ಬೇಕಾದದ್ದು. ಬಹುತೇಕ ಕಡೆ ‘ಗೊತ್ತಿಲ್ಲ’ ಎಂದೇ ಬರುತ್ತದೆ.

4. ಹೆಸರು ಹಿಡಿದ ಉಲ್ಲೇಖಕ್ಕೆ ‘ಅ’, ಸ್ಪಷ್ಟ ಪ್ರತಿಧ್ವನಿಗೆ ‘ಆ’, ನಿಮ್ಮ ಊಹೆಗೆ ‘ಇ’ ಎಂದು ಗುರುತು ಹಾಕಿ. ‘ಇ’ ಗುರುತಿನ ಯಾವುದಕ್ಕೂ ಬೆಳಕು, ಸಂಗೀತ, ವೇಷ ಖರ್ಚು ಮಾಡಬೇಡಿ.

5. ಮೂರನೇ ವಾರ ಪಟ್ಟಿಯನ್ನು ಮುಚ್ಚಿಡಿ. ಆಮೇಲೂ ನಟರು ಅದನ್ನೇ ನೆನೆಯುತ್ತಿದ್ದರೆ ಪ್ರತಿ ಮಾತಿಗೂ ಅಡಿಗೆರೆ ಎಳೆದಂತೆ ಆಡುತ್ತಾರೆ.

ನಮ್ಮ ಪ್ರೇಕ್ಷಕರಿಗೆ ಬೈಬಲ್ ಗೊತ್ತಿಲ್ಲ. ಶಬರಿಯ ಕತೆಗೆ ಬದಲಾಯಿಸಿದರೆ?

ಮೇಲ್ನೋಟಕ್ಕೆ ಕಾಯುವಿಕೆ ಎರಡರಲ್ಲೂ ಇದೆ. ಆದರೆ ಶಬರಿಯ ಕಾಯುವಿಕೆ ಫಲಿಸುತ್ತದೆ, ರಾಮ ಬಂದೇ ಬರುತ್ತಾನೆ, ಅದು ನಮ್ಮ ಪ್ರೇಕ್ಷಕರಿಗೆ ಮೊದಲೇ ಗೊತ್ತು. ಆ ಹೆಸರು ಎತ್ತಿದ ಕೂಡಲೇ ಗೋಡೋ ಬರುವ ಭರವಸೆ ಹುಟ್ಟುತ್ತದೆ. ಇಬ್ಬರಲ್ಲಿ ಒಬ್ಬ ಎಂಬ ಅನುಪಾತಕ್ಕೂ ರಾಮಾಯಣದಲ್ಲಿ ಸಲೀಸಾದ ಜೋಡಿ ಇಲ್ಲ.

ಬದಲಿಸುವ ಬದಲು ಕರಪತ್ರದಲ್ಲಿ ಮೂರೇ ಸಂಗತಿ ಹಾಕಿ: ಇಬ್ಬರು ಕಳ್ಳರು, ಕುರಿ ಮತ್ತು ಆಡು, ಕಾಯಿನ ಮತ್ತು ಹೇಬೆಲ. ಒಟ್ಟು 120–150 ಪದ, ಕತೆ ಮಾತ್ರ, ವ್ಯಾಖ್ಯಾನ ಬೇಡ. ಮಂಗಳೂರಿನ ಸಭೆಗೂ ಬೆಂಗಳೂರಿನ ಸಭೆಗೂ ಇದೇ ಟಿಪ್ಪಣಿ ನಡೆಯುತ್ತದೆ. ಪ್ರದರ್ಶನಕ್ಕೆ ಮುಂಚೆ ಮೈಕ್ ಹಿಡಿದು ವಿವರಿಸುವುದನ್ನು ಬಿಡಿ. ಪೋಸ್ಟರ್ ಮೇಲೆ ಶಿಲುಬೆ ಹಾಕುವುದನ್ನೂ ಬಿಡಿ.

ಪರೀಕ್ಷೆಯಲ್ಲಿ ‘ಬೈಬಲ್ ಸಂಕೇತಗಳನ್ನು ಚರ್ಚಿಸಿ’ ಎಂದು ಬಂದರೆ?

ಹತ್ತು ಸಂಕೇತಗಳ ಪಟ್ಟಿಗಿಂತ ಮೂರರ ವಿಶ್ಲೇಷಣೆ ಲೇಸು. ಕಳ್ಳರು, ಮರ, ಕುರಿ ಮತ್ತು ಆಡು ಆರಿಸಿಕೊಂಡು, ಪ್ರತಿಯೊಂದಕ್ಕೂ ಮೂಲ ವಚನ ಏನು, ನಾಟಕದಲ್ಲಿ ಏನಾಗಿದೆ, ಆ ವ್ಯತ್ಯಾಸ ಏನು ಮಾಡುತ್ತದೆ ಎಂದು ಬರೆಯಿರಿ. ‘ಗೋಡೋ ಬರದಿರುವುದು ದೇವರ ಮರಣದ ಸಂಕೇತ’ ಎಂಬ ಸಿದ್ಧ ವಾಕ್ಯವನ್ನು ಮೌಲ್ಯಮಾಪಕರು ಸಾಕಷ್ಟು ಓದಿದ್ದಾರೆ.

ಪ್ರದರ್ಶನಕ್ಕೆ ಅನುಮತಿ ಬೇಕೇ? ಬೈಬಲ್ ಮಾತುಗಳನ್ನು ಕಡಿತ ಮಾಡಬಹುದೇ?

ಬೇಕು. ಬೆಕೆಟ್ ತೀರಿಕೊಂಡದ್ದು 1989ರ ಡಿಸೆಂಬರ್ 22ರಂದು. ಭಾರತದ ಕಾನೂನಿನಲ್ಲಿ ಲೇಖಕನ ಮರಣದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ ಇಲ್ಲಿ 2049ರ ಕೊನೆಯವರೆಗೆ. ಕನ್ನಡ ಅನುವಾದ ಬಳಸಿದರೆ ಅನುವಾದಕರ ಒಪ್ಪಿಗೆ ಪ್ರತ್ಯೇಕ. ಪಠ್ಯ ಬದಲಾವಣೆಯ ವಿಷಯದಲ್ಲಿ ಹಕ್ಕುದಾರರು ಬಿಗಿ. 1988ರಲ್ಲಿ ನೆದರ್ಲೆಂಡ್ಸಿನ ತಂಡವೊಂದು ಎಲ್ಲ ಪಾತ್ರಗಳಿಗೂ ಮಹಿಳೆಯರನ್ನು ಹಾಕಿದಾಗ ಬೆಕೆಟ್ ಕೋರ್ಟಿಗೆ ಹೋಗಿ ಸೋತು, ಆ ದೇಶದಲ್ಲಿ ತನ್ನ ನಾಟಕಗಳ ಪ್ರದರ್ಶನವನ್ನೇ ನಿಷೇಧಿಸಿದ್ದ. ಹಾಗಾಗಿ ಕಳ್ಳರ ಪ್ರಸಂಗವನ್ನೋ ಲಕ್ಕಿಯ ಭಾಷಣವನ್ನೋ ಕತ್ತರಿಸುವ ಯೋಚನೆ ಇದ್ದರೆ ಅರ್ಜಿಯಲ್ಲೇ ಬರೆದು ಕೇಳಿ. ತಾಲೀಮು ಶುರುವಾಗುವ ಕೆಲವು ತಿಂಗಳು ಮುಂಚೆಯೇ ಅರ್ಜಿ ಹೋಗಲಿ. ಅದರಲ್ಲಿ ಭಾಷೆ, ಅನುವಾದಕರ ಹೆಸರು, ಪಾತ್ರವರ್ಗ, ಪ್ರದರ್ಶನಗಳ ಸಂಖ್ಯೆ, ಸಭಾಂಗಣದ ಆಸನಗಳು, ಟಿಕೆಟ್ ದರ ನಮೂದಿಸಿರಿ.